ರಕ್ಷಣೆ ಸಿಕ್ಕಿದೆ ಅಂತಾರೆ, ಹಾಗಾದ್ರೆ ನೆಮ್ಮದಿ ಯಾಕಿಲ್ಲ?

ಪ್ರಶ್ನೆ: ನನಗೆ 42 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮೂಲ ಊರು ಬೀದರ್ ಜಿಲ್ಲೆಯ ಭಾಲ್ಕಿ ಕಡೆ. ತಾತನ ಕಾಲದಿಂದ ನಾವು ಮೆಥೊಡಿಸ್ಟ್ ಪಂಥದ ಕ್ರೈಸ್ತರು. ಕೂಸಿದ್ದಾಗಲೇ ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದೆ. ಆದರೆ ಕ್ರಿಸ್‌ಮಸ್, ಈಸ್ಟರ್ ಬಿಟ್ಟರೆ ಚರ್ಚಿನ ಕಡೆ ಹೋದವನಲ್ಲ. ಎರಡು ವರ್ಷದ ಹಿಂದೆ ಗೆಳೆಯನೊಬ್ಬ ಹೊಸ ಪ್ರಾರ್ಥನಾ ಸಭೆಗೆ ಕರೆದುಕೊಂಡು ಹೋದ. ಅವತ್ತು ತುಂಬಾ ಅತ್ತೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಐದಾರು ತಿಂಗಳು ಬಹಳ ಸಮಾಧಾನದಿಂದ ಇದ್ದೆ. ಆಮೇಲೆ ಅವ್ವ ತೀರಿಕೊಂಡಳು. ಊರಲ್ಲಿದ್ದ ಮೂರು ಎಕರೆ ತೊಗರಿ ನೆಟೆ ರೋಗಕ್ಕೆ ಹೋಯ್ತು. ಕೈಗಡ, ಸೊಸೈಟಿ ಸಾಲ ಸೇರಿ ಎರಡೂವರೆ ಲಕ್ಷ ಇದೆ. ಈಗ ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತೆ. ಹೆಂಡತಿಯೂ ಎದ್ದು, ನೀರು ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂರುತ್ತಾಳೆ. ರೊಟ್ಟಿ ರುಚಿಸಲ್ಲ. ಸಭೆಯ ಪಾಸ್ಟರ್ ಹೇಳುವುದು: ನಿನ್ನ ನಂಬಿಕೆ ಕಮ್ಮಿ, ಎಲ್ಲೋ ಗುಪ್ತ ಪಾಪ ಇದೆ, ನೀರಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತಗೋ, ಸಾಲಕ್ಕಿಂತ ಮೊದಲು ದಶಮಾಂಶ, ಅಂದರೆ ದುಡಿಮೆಯ ಹತ್ತರಲ್ಲಿ ಒಂದು ಪಾಲು, ಸಭೆಗೆ ಕೊಡು. ಅಲ್ಲಿಯೇ ಒಬ್ಬರ ಮಾತು ಕೇಳಿ ಬಿಪಿ ಮಾತ್ರೆ ಬಿಟ್ಟು ಮೂರು ವಾರ ಆಯ್ತು. ಹೆಂಡತಿ ಲಿಂಗಾಯತರ ಮನೆಯವಳು, ಶರಣಬಸವೇಶ್ವರ ಗುಡಿಗೆ ಹೋಗುತ್ತಾಳೆ. ‘ನಿಮ್ಮ ಯೇಸುವಿನಿಂದ ನಿಮಗೇನ್ ಸಿಕ್ತು?’ ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ. ನನಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಕ್ಕಿದೆಯೋ ಇಲ್ಲವೋ? ಸಿಕ್ಕಿದ್ದರೆ ತೃಪ್ತಿ ಯಾಕಿಲ್ಲ?

ಉತ್ತರ: ರಕ್ಷಣೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬಿಪಿ. ಇದನ್ನು ಓದಿದ ದಿನವೇ ಯಾವುದಾದರೂ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ. ಮಾತ್ರೆ ಬಿಟ್ಟು ಮೂರು ವಾರ ಆಗಿದೆ ಅಂತ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ. ಬಿಪಿ ಏರಿದ್ದು ಎಷ್ಟೋ ಸಲ ನಮಗೆ ಗೊತ್ತೇ ಆಗಲ್ಲ. ಗೊತ್ತಾಗುವ ಹೊತ್ತಿಗೆ ಲಕ್ವ ಹೊಡೆದಿರುತ್ತೆ. ನಾನು ಮೂವತ್ತು ವರ್ಷ ಬೀದರ್, ಯಾದಗಿರಿ ಸೀಮೆಯ ಸಭೆಗಳಲ್ಲಿ ಅಯ್ಯನವರಾಗಿ (ಪಾಸ್ಟರ್ ಆಗಿ) ಕೆಲಸ ಮಾಡಿದವನು. ‘ನಂಬಿಕೆಯಿಂದ’ ಮಾತ್ರೆ ಬಿಟ್ಟವರ ಮಣ್ಣು ಮಾಡುವುದಕ್ಕೂ ಹೋಗಿದ್ದೇನೆ. ಆ ಮನೆಗಳಲ್ಲಿ ಏನು ಮಾತಾಡಬೇಕು ಅಂತ ಇವತ್ತಿಗೂ ನನಗೆ ತಿಳಿಯಲ್ಲ.

ಮಾತ್ರೆ ನುಂಗೋದು ಅಪನಂಬಿಕೆ ಅನ್ನುವವರಿಗೆ ನಿಮ್ಮದೇ ಹಳೆಯ ಸಭೆಯ ಚರಿತ್ರೆ ಹೇಳಿ. ಮೆಥೊಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ 1747ರಲ್ಲಿ ಬಡವರಿಗೋಸ್ಕರ ಮನೆಮದ್ದಿನ ಪುಸ್ತಕವನ್ನೇ ಬರೆದ. ಅದಕ್ಕೂ ಮುಂಚೆ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡಲು ಶುರು ಮಾಡಿದ್ದ. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಕಟ್ಟಿದವರೂ ಮೆಥೊಡಿಸ್ಟರೇ. ಪ್ರಾರ್ಥನೆ ಇದ್ದರೆ ಸಾಕು, ಔಷಧಿ ಬೇಡ ಅನ್ನುವ ಹಾಗಿದ್ದರೆ ಅಷ್ಟು ಇಟ್ಟಿಗೆ ಯಾಕೆ ಹೊರುತ್ತಿದ್ದರು?

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದು ಒಂದೇ ಪ್ರಶ್ನೆ ಅಂದುಕೊಂಡಿದ್ದೀರಿ. ಅಲ್ಲ, ಅದು ಎರಡು. ರಕ್ಷಣೆ ಒಂದು, ತೃಪ್ತಿ ಇನ್ನೊಂದು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ನಿಮ್ಮ ತಲೆ ಮೇಲೆ ಇಟ್ಟಿದ್ದಾರೆ. ಅದಕ್ಕೇ ಇಷ್ಟು ಭಾರ. ರಕ್ಷಣೆ ಸಿಗುವಂಥದ್ದು. ತೃಪ್ತಿ ಕಲಿಯುವಂಥದ್ದು.

ಇದು ನನ್ನ ಸ್ವಂತ ಮಾತಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರ ತೆಗೆಯಿರಿ. ನಾಲ್ಕೇ ಅಧ್ಯಾಯ, ಅರ್ಧ ಗಂಟೆಯ ಓದು. ‘ಯಾವಾಗಲೂ ಸಂತೋಷಿಸಿರಿ’ ಅನ್ನುವ ಮಾತು ಇರುವುದು ಅಲ್ಲೇ. ನಿಮ್ಮ ಸಭೆಯಲ್ಲಿ ಇದನ್ನು ಬ್ಯಾನರ್ ಮೇಲೆ ಬರೆಸಿದ್ದರೂ ಬರೆಸಿರಬಹುದು. ಆದರೆ ಬ್ಯಾನರ್ ಮೇಲೆ ಇರದ ಸಂಗತಿ ಒಂದಿದೆ. ಬರೆದವನು ಜೈಲಿನಲ್ಲಿದ್ದ. ಅವನಿಗೆ ಸಹಾಯದ ಹಣ ತಂದುಕೊಟ್ಟ ಎಪಫ್ರೊದೀತ ಅನ್ನುವವನು ಜಡ್ಡು ಬಿದ್ದು ಸಾಯುವ ಹಾಗಾಗಿದ್ದ. ಅವನು ಉಳಿದಿದ್ದಕ್ಕೆ ಪೌಲ ಏನು ಬರೆಯುತ್ತಾನೆ ಗೊತ್ತಾ? ದೇವರು ಅವನಿಗೂ ನನಗೂ ಕರುಣೆ ತೋರಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅಂತ. ಎರಡನೇ ಅಧ್ಯಾಯದಲ್ಲಿ ದುಃಖದ ಮೇಲೆ ದುಃಖ ಅಂದವನೇ ನಾಲ್ಕನೇ ಅಧ್ಯಾಯದಲ್ಲಿ ಸಂತೋಷಿಸಿರಿ ಅನ್ನುತ್ತಾನೆ. ಅವನ ಸಂತೋಷದೊಳಗೆ ದುಃಖಕ್ಕೂ ಜಾಗ ಇತ್ತು.

ಇನ್ನು ತೃಪ್ತಿಯ ಮಾತು. ಅದೇ ನಾಲ್ಕನೇ ಅಧ್ಯಾಯದಲ್ಲಿ, ನಾನಿರುವ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ‘ಕಲಿತುಕೊಂಡಿದ್ದೇನೆ’ ಅನ್ನುತ್ತಾನೆ. ನಂಬಿದ ದಿನವೇ ಬಂತು ಅನ್ನಲಿಲ್ಲ, ಕಲಿತೆ ಅಂದ. ಅವನು ನಂಬಿಕೆಗೆ ಬಂದು ಆ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು. ಏಟು ತಿಂದಿದ್ದ, ಹಡಗು ಒಡೆದು ಸಮುದ್ರಕ್ಕೆ ಬಿದ್ದಿದ್ದ, ಹಸಿದಿದ್ದ. ನೀವು ಎರಡು ವರ್ಷದಲ್ಲೇ, ಅದೂ ಅವ್ವ ಸತ್ತ ವರ್ಷದಲ್ಲೇ ಪಾಸಾಗಿಲ್ಲ ಅಂತ ಕೊರಗುತ್ತಿದ್ದೀರಿ.

ಅಲ್ಲಿ ಅವನು ಬಳಸಿದ ಗ್ರೀಕ್ ಪದ ‘ಔತಾರ್ಕೆಸ್’. ಆ ಕಾಲದ ಸ್ತೊಯಿಕ ತತ್ವಜ್ಞಾನಿಗಳಿಗೆ ಬಹಳ ಪ್ರೀತಿಯ ಪದ ಅದು. ಯಾರ ಹಂಗೂ ಇಲ್ಲದೆ, ಏನಾದರೂ ಅಲುಗದೆ ಇರುವವನು ಅಂತ ಅರ್ಥ. ಪೌಲ ಆ ಪದ ತೆಗೆದುಕೊಂಡ. ಮೂರು ಸಾಲು ಆಗುವಷ್ಟರಲ್ಲಿ, ನೀವು ನನ್ನ ಕಷ್ಟದಲ್ಲಿ ಪಾಲು ತಗೊಂಡಿದ್ದು ಒಳ್ಳೆಯದಾಯ್ತು ಅಂತ ಬರೆದ. ಅಂದರೆ ಅವನ ತೃಪ್ತಿ ‘ನನಗೆ ಯಾರೂ ಬೇಡ’ ಅನ್ನುವ ಜಾತಿಯದಲ್ಲ. ಜನ ಕಳಿಸಿದ್ದನ್ನು ಕೈಚಾಚಿ ತಗೊಂಡವನ ತೃಪ್ತಿ. ಇದನ್ನು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ‘ದೇವರಿದ್ದಾನೆ, ನನಗೇನೂ ಆಗಿಲ್ಲ’ ಅಂತ ಹಲ್ಲು ಕಚ್ಚಿಕೊಂಡು ಕೂತ ಗಂಡಸರನ್ನು ನಮ್ಮ ಕಡೆ ಬಹಳ ನೋಡಿದ್ದೇನೆ.

ಮೊದಲ ಐದಾರು ತಿಂಗಳ ಆ ನೆಮ್ಮದಿ ಸುಳ್ಳಾ? ಅಲ್ಲ. ಅದರಲ್ಲಿ ದೇವರು ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಅದರಲ್ಲಿ ಬೇರೆ ಸಂಗತಿಗಳೂ ಇದ್ದವು. ವರ್ಷಗಟ್ಟಲೆ ತಡೆದಿಟ್ಟ ಅಳು ಹೊರಗೆ ಬಂತು. ಹಾಡು, ತಬಲಾ, ನಿಮ್ಮ ಹೆಸರು ಹಿಡಿದು ಪ್ರಾರ್ಥಿಸುವ ಜನ. ದಿನವಿಡೀ ಅಂಕಿ ಎಣಿಸುವವನಿಗೆ ‘ಹೇಗಿದ್ದೀರಿ ಬ್ರದರ್’ ಅಂತ ಕೇಳುವವರು ಸಿಕ್ಕರು. ಯಾರಿಗಾದರೂ ಹಗುರ ಆಗುತ್ತೆ. ಆ ಹಗುರವನ್ನೇ ರಕ್ಷಣೆ ಅಂದುಕೊಂಡರೆ ಕಷ್ಟ. ಅದು ಇಳಿದ ದಿನ ರಕ್ಷಣೆಯೂ ಇಳಿಯಿತು ಅನ್ನಿಸುತ್ತೆ.

ನಮ್ಮ ಸಭೆಗಳ ತಪ್ಪೂ ಇದೆ ಇದರಲ್ಲಿ. ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ್ದನ್ನು, ಹೇಳಲು ಮೈಕ್ ಕೊಡುವುದು ಯಾರಿಗೆ? ಕುಡಿತ ಬಿಟ್ಟವನಿಗೆ, ಜಡ್ಡು ವಾಸಿಯಾದವಳಿಗೆ, ನೌಕರಿ ಸಿಕ್ಕ ಹುಡುಗನಿಗೆ. ‘ಏಳು ತಿಂಗಳಿಂದ ಪ್ರಾರ್ಥನೆ ಬರ್ತಿಲ್ಲ, ಆದರೂ ಬಂದು ಕೂತಿದ್ದೇನೆ’ ಅನ್ನುವವನ ಕೈಗೆ ಮೈಕ್ ಕೊಟ್ಟಿದ್ದನ್ನು ನಾನು ನೋಡಿಲ್ಲ. ನಾನೂ ಕೊಟ್ಟಿಲ್ಲ, ಆ ಮಾತು ಬೇರೆ. ಹೀಗಾಗಿ ಕೂತು ಕೇಳುವವರಿಗೆ ತಾನೊಬ್ಬನೇ ಹೀಗೆ ಅನ್ನಿಸಿಬಿಡುತ್ತೆ.

ನೀವೊಬ್ಬರೇ ಅಲ್ಲ. ಮತ್ತೆ ವೆಸ್ಲಿಗೇ ಬರುತ್ತೇನೆ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದೆ ಹೋದ. ಅಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಮುಂಚೆ ಎದೆ ವಿಚಿತ್ರವಾಗಿ ಬೆಚ್ಚಗಾಯ್ತು ಅಂತ ದಿನಚರಿಯಲ್ಲಿ ಬರೆದ. ಮೆಥೊಡಿಸ್ಟರ ಮನೆಯಲ್ಲಿ ಹುಟ್ಟಿದ ನೀವು ಇಷ್ಟನ್ನು ಚರ್ಚಿನ ಪ್ರಸಂಗದಲ್ಲಿ (ಉಪದೇಶದಲ್ಲಿ) ಕೇಳಿರುತ್ತೀರಿ. ಮುಂದಿನ ಸಾಲುಗಳನ್ನು ಯಾರೂ ಹೇಳಲ್ಲ. ಸ್ವಲ್ಪ ಹೊತ್ತಿಗೇ ಅವನ ಒಳಗೆ ಒಂದು ದನಿ ಎದ್ದಿತು: ‘ಇದು ನಂಬಿಕೆಯೇ ಅಲ್ಲ, ಎಲ್ಲಿದೆ ನಿನ್ನ ಸಂತೋಷ?’ ನಿಮ್ಮ ಪ್ರಶ್ನೆಯೇ ಅಲ್ವಾ ಇದು? ಆ ದನಿಯನ್ನು ವೆಸ್ಲಿ ದೇವರದು ಅಂತ ಬರೆಯಲಿಲ್ಲ, ವೈರಿಯದು ಅಂತ ಬರೆದ. ಶುರುವಿನಲ್ಲಿ ಉಕ್ಕುವ ಸಂತೋಷವನ್ನು, ಅದರಲ್ಲೂ ಬಹಳ ದುಃಖಪಟ್ಟವರಿಗೆ, ದೇವರು ಒಮ್ಮೆ ಕೊಡುತ್ತಾನೆ, ಒಮ್ಮೆ ಕೊಡದೆ ಇರುತ್ತಾನೆ, ಅದು ಅವನ ಇಷ್ಟ ಅಂತ ತಿಳಿದುಕೊಂಡ. 1766ರಲ್ಲಿ, ಅರವತ್ತು ದಾಟಿದ ಮೇಲೆ, ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ, ನಾನು ದೇವರನ್ನು ಪ್ರೀತಿಸುತ್ತಿಲ್ಲ, ಯಾವತ್ತೂ ಪ್ರೀತಿಸಲಿಲ್ಲ ಅನ್ನುವ ಮಾತನ್ನು ಗುಟ್ಟಿನ ಲಿಪಿಯಲ್ಲಿ ಬರೆದಿದ್ದಾನೆ. ಹಾಗಂತ ಕುದುರೆ ಹತ್ತಿ ಊರೂರು ತಿರುಗಿ ಪ್ರಸಂಗ ಮಾಡುವುದನ್ನು ಬಿಡಲಿಲ್ಲ.

ಹಾಗಾದರೆ ರಕ್ಷಣೆ ಅಂದರೆ ಏನು? ನಮ್ಮ ಕಡೆ ಮೋಕ್ಷ, ಮುಕ್ತಿ, ರಕ್ಷಣೆ ಮೂರನ್ನೂ ಕಲಸಿ ಮಾತಾಡುತ್ತೇವೆ. ಕ್ರೈಸ್ತರು ರಕ್ಷಣೆ ಅನ್ನುವುದು ಪಾಪದಿಂದ ಬಿಡುಗಡೆಯಾಗಿ ದೇವರ ಜೊತೆ ಮುರಿದ ಸಂಬಂಧ ಕೂಡಿಕೊಳ್ಳುವುದನ್ನು. ಅದು ಕೃಪೆಯಿಂದ, ನಂಬಿಕೆಯ ಮೂಲಕ ಸಿಗುತ್ತೆ, ನಮ್ಮ ಕೆಲಸದ ಕೂಲಿಯಾಗಿ ಅಲ್ಲ ಅಂತ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ಹೇಳುತ್ತೆ. ಈ ವಿಷಯಕ್ಕೆ ಸಭೆಗಳು ನಾನ್ನೂರು ವರ್ಷಕ್ಕೂ ಜಾಸ್ತಿ ಜಗಳವಾಡಿದವು. ಕೊನೆಗೆ 1999ರಲ್ಲಿ ಕ್ಯಾಥೊಲಿಕರು, ಲೂಥರನ್ನರು ಕೃಪೆಯ ಬಗ್ಗೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಒಪ್ಪಿದರು. ಇಷ್ಟೆಲ್ಲ ಸಭೆಗಳು ಒಪ್ಪಿದ ಮೇಲೆ ‘ನಿನ್ನ ನಂಬಿಕೆ ಎಷ್ಟು ಗ್ರಾಂ ಕಮ್ಮಿ’ ಅಂತ ತೂಗುವುದಕ್ಕೆ ತಕ್ಕಡಿ ಎಲ್ಲಿಂದ ತಂದರೋ ಗೊತ್ತಿಲ್ಲ. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳ ಕೇಳಿದ್ದು ಒಂದೇ ಮಾತು, ನನ್ನನ್ನು ನೆನಪಿಸಿಕೋ ಅಂತ. ಅವನಿಗೆ ದೀಕ್ಷಾಸ್ನಾನ ಇಲ್ಲ, ದಶಮಾಂಶ ಇಲ್ಲ, ಸಾಕ್ಷಿ ಹೇಳಲು ಮುಂದಿನ ಭಾನುವಾರವೂ ಇಲ್ಲ.

ಇನ್ನೊಂದು ಮಾತು. ಪೌಲನ ಪತ್ರಗಳಲ್ಲಿ ರಕ್ಷಣೆಗೆ ಮೂರು ಕಾಲ ಇದೆ. ಆಗಿದೆ ಅಂತ ಒಂದು ಕಡೆ, ಆಗುತ್ತಾ ಇದೆ ಅಂತ ಕೊರಿಂಥದವರಿಗೆ, ಮುಂದೆ ಆಗಬೇಕು ಅಂತ ರೋಮಾಪುರದವರಿಗೆ. ನೀವು ಲೆಕ್ಕ ಬರೆಯುವವರು, ನಿಮಗೆ ಬೇಗ ಅರ್ಥ ಆಗುತ್ತೆ. ನೀವು ವರ್ಷದ ನಡುವೆ ಖಾತೆ ಮುಚ್ಚಿ, ನಷ್ಟ ಅಂತ ಬರೆದುಬಿಟ್ಟಿದ್ದೀರಿ.

‘ಗುಪ್ತ ಪಾಪ’ದ ಮಾತು ಕೇಳಿ ನನಗೆ ಸಿಟ್ಟು ಬಂತು, ಮುಚ್ಚಿಡಲ್ಲ. ನೆಟೆ ರೋಗ ಬರುವುದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ. ಅದು ಬೇರಿನಿಂದ ಒಳಗೆ ಹೋಗಿ ನೀರು ಹರಿಯುವ ನಾಳ ಕಟ್ಟಿಹಾಕುತ್ತೆ. ಗಿಡ ಹಸಿರಾಗೇ ಇರುತ್ತೆ. ಹೂ, ಕಾಯಿ ಹಿಡಿಯುವ ಹೊತ್ತಿಗೆ ನಿಂತಲ್ಲೇ ಒಣಗುತ್ತೆ. ನಿಮ್ಮ ಬದುವಿನ ಆಚೆಯವನ ತೊಗರಿಯೂ ಹೋಗಿರಬೇಕಲ್ವಾ? ಅವನ ಗುಪ್ತ ಪಾಪವನ್ನೂ ಹುಡುಕೋಣವೇ? ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದ. ನಿಮಗೆ ನಿಜವಾಗಿ ಮನಸ್ಸು ಚುಚ್ಚುವ ತಪ್ಪು ಇದ್ದರೆ ಅದು ನಿಮಗೇ ಗೊತ್ತಿರುತ್ತೆ. ಅದನ್ನು ಒಪ್ಪಿಕೊಳ್ಳಿ, ಸರಿ ಮಾಡಿ. ಇಲ್ಲದ್ದನ್ನು ರಾತ್ರಿ ಮೂರು ಗಂಟೆಗೆ ಟಾರ್ಚ್ ಹಿಡಿದು ಹುಡುಕಬೇಡಿ.

ಮತ್ತೆ ದೀಕ್ಷಾಸ್ನಾನದ ವಿಷಯ. ಇಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯ ಇದೆ. ಬ್ಯಾಪ್ಟಿಸ್ಟರು, ಪೆಂತೆಕೋಸ್ತರು ಬುದ್ಧಿ ಬಂದ ಮೇಲೆ, ಮುಳುಗಿಯೇ ತಗೋಬೇಕು ಅನ್ನುತ್ತಾರೆ. ಮೆಥೊಡಿಸ್ಟರು, ಕ್ಯಾಥೊಲಿಕರು ಕೂಸಿಗೂ ಕೊಡುತ್ತಾರೆ, ಒಮ್ಮೆ ಆದದ್ದನ್ನು ಮತ್ತೆ ಮಾಡಲ್ಲ. ಬಹಳ ಹಳೆಯ ಕ್ರೈಸ್ತ ಕೈಪಿಡಿಯೊಂದರಲ್ಲಿ ನೀರು ಸಾಲದಿದ್ದರೆ ತಲೆ ಮೇಲೆ ಮೂರು ಸಲ ಸುರಿದರೆ ಆಯ್ತು ಅಂತ ಇದೆ. ಏಪ್ರಿಲ್‌ನಲ್ಲಿ ಭೀಮಾ ನದಿ ನೋಡಿದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಮುಂದೆ ಯಾವತ್ತಾದರೂ ಓದಿ, ಯೋಚಿಸಿ, ಸಮಾಧಾನದಲ್ಲಿ ನೀವೇ ತೀರ್ಮಾನ ಮಾಡಿದರೆ ಅದು ನಿಮ್ಮ ಹಕ್ಕು. ಈಗ, ಹೆದರಿಕೆಯಲ್ಲಿ, ನಿದ್ದೆಗೆಟ್ಟು, ಇದರಿಂದಾದರೂ ಸರಿಹೋಗಲಿ ಅಂತ ತಗೋಬೇಡಿ. ತಗೊಂಡು ಮತ್ತೆ ಮೂರು ಗಂಟೆಗೆ ಎಚ್ಚರ ಆದರೆ ಏನು ಮಾಡುತ್ತೀರಿ?

ದಶಮಾಂಶಕ್ಕೆ ಜಾಸ್ತಿ ಮಾತು ಬೇಡ. ಒತ್ತಾಯದಿಂದ ಕೊಡಬೇಡಿ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ ಅಂತ ಪೌಲನೇ ಬರೆದಿದ್ದಾನೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ‘ದೇವರಿಗೆ ಮೀಸಲು’ ಅಂತ ತಪ್ಪಿಸಿದವರನ್ನು ಯೇಸು ಬೈದ ಕಥೆ ಸತ್ಯವೇದದ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿದೆ. ಸಾಲ ಕೊಟ್ಟವನ ಹಣ ನಿಮ್ಮದಲ್ಲ. ಮೊದಲು ಅದು. ಸೊಸೈಟಿಯಲ್ಲಿ ಕಂತು ಮುಂದಕ್ಕೆ ಹಾಕಲು ಆಗುತ್ತಾ ಕೇಳಿ. ಬೆಳೆ ವಿಮೆ ಕಟ್ಟಿದ್ದರೆ ಅದರ ಗತಿ ವಿಚಾರಿಸಿ.

ಈಗ ಮೂರು ಗಂಟೆಯ ಎಚ್ಚರ. ನಿದ್ದೆ ಒಡೆಯುವುದು, ಊಟ ರುಚಿಸದಿರುವುದು, ಏನೂ ಅನ್ನಿಸದಿರುವುದು, ತನ್ನದೇ ತಪ್ಪು ಅಂತ ಕೊರೆಯುವುದು. ಇವು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರುಗಳು ಖಿನ್ನತೆ ಇರಬಹುದು ಅಂತ ನೋಡುತ್ತಾರೆ. ನಾನು ಡಾಕ್ಟರಲ್ಲ. ಆದರೆ ಇಂಥವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಭ್ಯಾಸ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ರಾತ್ರಿಯೇ ಮಾತಾಡಬೇಕು ಅನ್ನಿಸಿದರೆ, ಅಥವಾ ಸಾಯುವ ಯೋಚನೆ ಸುಳಿದರೆ ತಡಮಾಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪಾಪ ಹುಡುಕುತ್ತಾ ಕೂತು ಖಿನ್ನತೆಗೆ ಚಿಕಿತ್ಸೆ ತಪ್ಪಿಸಿಕೊಂಡವರು ನನ್ನ ಲೆಕ್ಕದಲ್ಲಿ ಬಹಳ.

ಸಭೆಯ ವಿಷಯದಲ್ಲಿ ನಿಮ್ಮ ಮುಂದೆ ಕೆಲವು ದಾರಿ ಇವೆ, ಯಾವುದೂ ನುಣುಪಾಗಿಲ್ಲ. ಅಲ್ಲೇ ಮುಂದುವರಿದರೆ ಗೆಳೆಯರು ಉಳಿಯುತ್ತಾರೆ, ಆದರೆ ಪ್ರತಿ ವಾರ ಗಾಯ ಕೆದರಬಹುದು. ಒಮ್ಮೆಲೇ ಬಿಟ್ಟರೆ ದೇವರನ್ನೇ ಬಿಟ್ಟೆ ಅನ್ನಿಸುತ್ತೆ, ಫೋನ್ ಮಾಡುವವರೂ ಇರಲ್ಲ. ಮನೆಯಲ್ಲೇ ಒಬ್ಬರೇ ಓದಿಕೊಂಡು ಇರುತ್ತೇನೆ ಅನ್ನುವುದು ಈ ಸ್ಥಿತಿಯಲ್ಲಿ ಎಲ್ಲಕ್ಕಿಂತ ಅಪಾಯ. ಹಳೆಯ ಚರ್ಚಿಗೆ ಹೋದರೆ ‘ಇಷ್ಟ್ ದಿನ ಎಲ್ಲಿದ್ರಿ’ ಅಂತ ಕೇಳುವವರು ಇದ್ದೇ ಇರುತ್ತಾರೆ, ಕಮಿಟಿ ಜಗಳವೂ ಕಿವಿಗೆ ಬೀಳುತ್ತೆ. ಆದರೂ ನಾನಾದರೆ ಅಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅಲ್ಲಿ ಪ್ರಾರ್ಥನೆ ಪುಸ್ತಕದಲ್ಲಿ ಬರೆದಿರುತ್ತೆ. ನಿಮಗೆ ಮಾತು ಬರದ ದಿನ ಬೇರೆಯವರ ಮಾತನ್ನು ಓದಿದರೆ ಸಾಕು. ಪಾಸ್ಟರ್ ಕೆಟ್ಟವರು ಅಂತ ನಾನು ಹೇಳಲ್ಲ, ಅವರನ್ನು ನಾನು ನೋಡಿಲ್ಲ. ಒಂದು ಪರೀಕ್ಷೆ ಮಾಡಿ. ಮಾತ್ರೆ ಮತ್ತೆ ಶುರು ಮಾಡಿದೆ ಅಂತ ಅವರಿಗೆ ಹೇಳಿ. ಒಳ್ಳೆಯದಾಯ್ತು ಅಂದರೆ ಮುಂದೆ ಮಾತಾಡಬಹುದು. ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಹುಮನಾಬಾದ್ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗ ಸತ್ತು ಮೂರ್ನಾಲ್ಕು ತಿಂಗಳಾಗಿತ್ತು. ನಾನು ಹೋದಾಗ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಗುಣುಗುಣು ಅನ್ನುತ್ತಿದ್ದರು. ಕಣ್ಣಲ್ಲಿ ನೀರು, ಹೊಗೆಗೋ ಅಳುವಿಗೋ ತಿಳಿಯಲಿಲ್ಲ. ‘ಪ್ರಾರ್ಥನೆಯಲ್ಲಿ ಸಮಾಧಾನ ಸಿಗ್ತದೇನವ್ವ?’ ಅಂತ ಅಯ್ಯನವರ ಠೀವಿಯಲ್ಲೇ ಕೇಳಿದೆ. ರೊಟ್ಟಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಹೇಳಿದರು: ‘ಸಮಾಧಾನ ಎಲ್ಲಿಂದ ಬರ್ಬೇಕ್ರಿ ಅಯ್ನೋರೆ, ಮಗ ಹೋಗ್ಯಾನ. ಆದ್ರ ಬೈಲಾಕ ಒಬ್ಬಾವ ಅದಾನಲ್ರಿ ಮ್ಯಾಲ.’ ಸತ್ಯವೇದದ ಕೀರ್ತನೆಗಳಲ್ಲೂ ಎಷ್ಟೋ ಕಡೆ ಇರುವುದು ಇದೇ. 13ನೇ ಕೀರ್ತನೆ ‘ಇನ್ನೆಷ್ಟು ದಿನ’ ಅಂತ ದೇವರನ್ನೇ ಜಗ್ಗುತ್ತೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಯಲ್ಲಿ ಬೆಳಕಿನ ಒಂದು ಸಾಲೂ ಇಲ್ಲ. ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ. ಪ್ರಾರ್ಥನೆಗೆ ಕೂತಾಗ ಏನೂ ಅನ್ನಿಸದಿದ್ದರೆ ಅದನ್ನೇ ಹೇಳಿ. ಬೈಯಬೇಕು ಅನ್ನಿಸಿದರೆ ಬೈಯಿರಿ.

ಕೊನೆಗೆ ನಿಮ್ಮ ಹೆಂಡತಿಯ ಪ್ರಶ್ನೆ. ಅದನ್ನು ಚುಚ್ಚುಮಾತು ಅಂತ ತಗೋಬೇಡಿ. ಗಂಡ ಒಣಗುತ್ತಿರುವುದನ್ನು ನೋಡುವವಳ ಪ್ರಶ್ನೆ ಅದು. ಪ್ರಸಂಗದ ಉತ್ತರ ಕೊಡಬೇಡಿ. ‘ಈಗ ನನಗೂ ಗೊತ್ತಾಗ್ತಿಲ್ಲ’ ಅಂತ ಹೇಳಿ, ಅದೇ ನಿಜ. ಅವರನ್ನು ನಿಮ್ಮ ದಾರಿಗೆ ಎಳೆಯಲು ಇದು ಸಮಯವೂ ಅಲ್ಲ. ಬೇರೆ ನಂಬಿಕೆಯ ಹೆಂಡತಿ ಜೊತೆಗಿರಲು ಒಪ್ಪಿದರೆ ಬಿಡಬೇಡ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ, ಮತ ಬದಲಿಸು ಅಂತ ಷರತ್ತು ಹಾಕಿಲ್ಲ.

ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಮೂರು ಗಂಟೆಗೆ ಅವರೂ ಎದ್ದು, ನೀರು ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂರುತ್ತಾರೆ. ನಂಬಿಕೆ ಎಷ್ಟಿದೆ ಅಂತ ಕೇಳಲ್ಲ. ಬಿಪಿ ನೋಡಿಸಲು ಹೋಗುವಾಗ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ. ಅಂಕಿ ಎಷ್ಟು ಬಂತು ಅಂತ ನನಗೂ ಎರಡು ಸಾಲು ಬರೆಯಿರಿ.